ಒಂದು ಬೆರಳಿನ ಅಗಲ

ಮೂರು ವರ್ಷದ ಹಿಂದೆ ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿದ್ದೆ. ಅದರಲ್ಲೊಂದು ವಾಕ್ಯ: ‘ಕ್ಲಚ್ ಪೆಡಲ್‌ನ ಮುಕ್ತ ಚಲನೆಯನ್ನು ನಿಯತವಾಗಿ ಪರಿಶೀಲಿಸಿ.’ ವ್ಯಾಕರಣ ಸರಿಯಿತ್ತು, ಪರಿಶೀಲಕರು ಒಪ್ಪಿದರು, ದುಡ್ಡೂ ಬಂತು. ಆ ಹೊತ್ತಿಗಾಗಲೇ ನನ್ನದೇ ಹಳೆಯ ಕಾರಿನಲ್ಲಿ ಆ ‘ಮುಕ್ತ ಚಲನೆ’ ಒಂದಿಷ್ಟೂ ಉಳಿದಿರಲಿಲ್ಲ. ಬರೆದವಳಿಗೇ ಅದು ಗೊತ್ತಿರಲಿಲ್ಲ.

ನಾನಿರುವುದು ಚೆನ್ನೈನ ಕ್ರೋಂಪೇಟೆಯಲ್ಲಿ. ಆ ವರ್ಷ ದೀಪಾವಳಿಯ ಮುನ್ನಾದಿನ ಜಿಎಸ್‌ಟಿ ರಸ್ತೆಯಲ್ಲಿ ಮನೆಗೆ ಬರುತ್ತಿದ್ದೆ. ಊರಿಗೆ ಹೊರಟ ಬಸ್ಸು, ಕಾರುಗಳೆಲ್ಲ ತಾಂಬರಂ ಕಡೆಗೆ ತೆವಳುತ್ತಿದ್ದವು. ಒಂದು ಏರಿನಲ್ಲಿ ಎಂಜಿನ್ ಅರಚಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ. ಹೇಗೋ ತಳ್ಳಿಸಿಕೊಂಡು ಶೆಡ್ಡಿಗೆ ತಂದಾಗ ಮೆಕ್ಯಾನಿಕ್ ಬಗ್ಗಿ, ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ, ‘ಪ್ಲೇಯೇ ಇಲ್ಲಮ್ಮಾ’ ಅಂದರು. ಅವರು ಹೇಳಿದ್ದು ತಮಿಳಿನಲ್ಲಿ. ಕನ್ನಡದಲ್ಲಿ ಹೇಳಿದ್ದರೂ ಅದೇ ವಾಕ್ಯ. ‘ಮೊದಲೇ ಬಂದಿದ್ದರೆ ಒಂದು ನಟ್ಟು ತಿರುಗಿಸಿದ್ದರೆ ಸಾಕಿತ್ತಲ್ಲಾ ಅಣ್ಣಾ?’ ಎಂದೆ. ತಲೆಯಾಡಿಸಿದರು. ಈಗ ಗೇರ್‌ಬಾಕ್ಸ್ ಇಳಿಸಬೇಕಿತ್ತು. ಎರಡು ದಿನ, 9,200 ರೂಪಾಯಿ.

ಆಗಿದ್ದು ಇಷ್ಟೆ. ಎಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಹಿಡಿತ ಬಿಡಿಸುತ್ತದೆ. ಪ್ಲೇಟು ಸವೆದಂತೆಲ್ಲ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತವೆ, ಪೆಡಲಿನ ಪ್ಲೇ ಕಡಿಮೆಯಾಗುತ್ತದೆ. ಪೂರ್ತಿ ಹೋದರೆ ಕಾಲು ಇಡದಿದ್ದರೂ ಕ್ಲಚ್ಚನ್ನು ಯಾರೋ ಸ್ವಲ್ಪ ತುಳಿದೇ ಇಟ್ಟ ಹಾಗೆ. ಹಿಡಿತ ಜಾರುತ್ತದೆ, ಪ್ಲೇಟು ಉರಿಯುತ್ತದೆ. ಕೇಬಲ್ ಹಿಗ್ಗಿದರೆ ತದ್ವಿರುದ್ಧ: ಪ್ಲೇ ಜಾಸ್ತಿಯಾಗಿ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರ್ರೆನ್ನುತ್ತದೆ, ರಿವರ್ಸ್ ಬೀಳುವುದಿಲ್ಲ.

ನೋಡಿಕೊಳ್ಳುವುದು ಕಷ್ಟವಲ್ಲ. ಎಂಜಿನ್ ಆಫ್ ಮಾಡಿ, ಪೆಡಲನ್ನು ಕೈಯಿಂದ ಒತ್ತಿ. ಕಾಲಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಭಾರ ಸಿಗುವ ಮುಂಚೆ ಹಗುರಾಗಿ ಇಳಿಯುವ ದೂರವೇ ಪ್ಲೇ. ಕೇಬಲ್ ಇರುವ ಅನೇಕ ಕಾರುಗಳಲ್ಲಿ ಅದು 15ರಿಂದ 25 ಮಿ.ಮೀ. ಆಸುಪಾಸು, ಅಂದರೆ ಹೆಚ್ಚುಕಡಿಮೆ ಒಂದು ಹೆಬ್ಬೆರಳಿನ ಅಗಲ. ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಳತೆಯೇ ಕೊನೆಯ ಮಾತು. ವ್ಯತ್ಯಾಸವಿದ್ದರೆ ಗೇರ್‌ಬಾಕ್ಸ್ ಬಳಿ ಕೇಬಲ್ ತುದಿಯ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟಿಂಗ್ ನಟ್ಟನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಹತ್ತು ಸಲ ಪೆಡಲ್ ತುಳಿದು ಮತ್ತೆ ಅಳೆಯಬೇಕು. ಸರಿ ಬಂದ ಮೇಲೆ ಲಾಕ್ ನಟ್ ಬಿಗಿ. ಕೆಲವು ಕೇಬಲ್‌ಗಳು ತಾವೇ ಸರಿಹೊಂದಿಸಿಕೊಳ್ಳುತ್ತವೆ. ಹೈಡ್ರಾಲಿಕ್ ಕ್ಲಚ್ ಇದ್ದರೆ ಸಾಮಾನ್ಯವಾಗಿ ತಿರುಗಿಸುವುದೇನೂ ಇಲ್ಲ, ಆಯಿಲ್ ಮಟ್ಟ ನೋಡಬೇಕು. ಅದು ಪದೇಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮೇಲಿಂದ ಸುರಿಯುತ್ತ ಹೋಗುವುದು ಪರಿಹಾರವಲ್ಲ.

ಸರ್ವಿಸ್‌ನವರು ನೋಡುತ್ತಾರಲ್ಲ ಎನ್ನಬಹುದು. ನೋಡಲಿ. ಆದರೆ ಎರಡು ಸರ್ವಿಸ್‌ಗಳ ನಡುವೆ ಪೆಡಲ್ ತುಳಿಯುವವರು ನಾವು. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತರದೆ ಹಾಫ್ ಕ್ಲಚ್‌ನಲ್ಲೇ ನಿಲ್ಲುವುದು, ಏರಿನಲ್ಲಿ ಹ್ಯಾಂಡ್ ಬ್ರೇಕ್ ಬದಲು ಕ್ಲಚ್‌ನಿಂದಲೇ ಕಾರನ್ನು ತಡೆದು ಹಿಡಿಯುವುದು, ಓಡಿಸುವಾಗಲೂ ಎಡಗಾಲನ್ನು ಪೆಡಲ್ ಮೇಲೇ ಇಟ್ಟಿರುವುದು: ಈ ಮೂರೂ ನನಗಿದ್ದವು. ಎಎಂಟಿ ಕೊಂಡರೆ ಈ ತಲೆನೋವಿಲ್ಲ ಎನ್ನುವವರಿಗೂ ಒಂದು ಮಾತು: ಅದರೊಳಗೂ ಇರುವುದು ಇಂಥದೇ ಕ್ಲಚ್ ಪ್ಲೇಟು. ತುಳಿಯುವ ಕೆಲಸ ಯಂತ್ರದ್ದು, ಸವೆತ ತಪ್ಪಿದ್ದಲ್ಲ.

ಕ್ರೋಂಪೇಟೆಗೆ ಆ ಹೆಸರು ಬಂದದ್ದು ಇಲ್ಲಿದ್ದ ಕ್ರೋಮ್ ಲೆದರ್ ಕಾರ್ಖಾನೆಯಿಂದ. ಹಿಂದಿನ ಎಷ್ಟೋ ಕಾರುಗಳ ಕೋನ್ ಕ್ಲಚ್‌ಗೆ ಹೊದಿಸುತ್ತಿದ್ದದ್ದೂ ಚರ್ಮವನ್ನೇ. ಅದು ಒಣಗಿ ಗಡುಸಾಗದಂತೆ ಎಣ್ಣೆ ಸವರಿ ಕಾಪಾಡಬೇಕಿತ್ತು. ಓಡಿಸುವವನಿಗೆ ತನ್ನ ಕ್ಲಚ್ಚಿನ ಪರಿಚಯ ಇರಲೇಬೇಕಿತ್ತು. ಈಗ ಅದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಮಗೆ ಅದನ್ನು ತೋರಿಸಬೇಕಾದದ್ದು ಭಾಷೆ. ನಾವು ಅನುವಾದಕರು ಸೋಲುತ್ತಿರುವುದು ಅಲ್ಲೇ.

‘ಮುಕ್ತ ಚಲನೆ’ ತಪ್ಪು ಪದವಲ್ಲ. ಆದರೆ ಆ ಪದ ಹಿಡಿದು ಶೆಡ್ಡಿಗೆ ಹೋದರೆ ಯಾರಿಗೂ ಅರ್ಥವಾಗದು. ಓದಿದವರ ಕೈಯೂ ಪೆಡಲಿನ ಕಡೆ ಹೋಗದು. ಲಿಂಗ್ವಿಸ್ಟಿಕ್ಸ್ ಓದುವಾಗ ಪದ ಎಲ್ಲಿಂದ ಬಂತು ಎಂದು ಬಹಳ ಯೋಚಿಸಿದ್ದೆ. ಅದು ಯಾರ ಬಾಯಲ್ಲಿ ಓಡಾಡುತ್ತದೆ ಎಂಬುದನ್ನು ಶೆಡ್ಡಿನಲ್ಲಿ ಕಲಿತೆ. ಬೆಂಗಳೂರಿನ ಮೆಕ್ಯಾನಿಕ್ಕಿಗೂ ಕ್ರೋಂಪೇಟೆಯ ಮೆಕ್ಯಾನಿಕ್ಕಿಗೂ ಗೊತ್ತಿರುವ ‘ಪ್ಲೇ’ಯನ್ನು ಇಂಗ್ಲಿಷಿನದೆಂದು ಹೊರಗಿಟ್ಟು, ಯಾರೂ ಆಡದ ಪದವನ್ನು ಕನ್ನಡವೆಂದು ಒಳಗೆ ಕೂರಿಸುವುದು ಭಾಷಾಪ್ರೇಮವಲ್ಲ. ಅದರ ಖರ್ಚು ಬೀಳುವುದು ಓದುಗರ ಮೇಲೆ.

ಈಗ ಅಂಥ ಕೆಲಸ ಬಂದರೆ ಹೀಗೆ ಬರೆಯುತ್ತೇನೆ: ‘ಪೆಡಲನ್ನು ಕೈಯಿಂದ ಒತ್ತಿ. ಭಾರ ಸಿಗುವ ಮುಂಚೆ ಅದು ಹಗುರಾಗಿ ಇಷ್ಟು ಮಿ.ಮೀ. ಇಳಿಯಬೇಕು. ಇದಕ್ಕೆ ಪ್ಲೇ ಎನ್ನುತ್ತಾರೆ. ಕಡಿಮೆಯಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ.’ ಒಂದು ವಾಕ್ಯದ ಜಾಗದಲ್ಲಿ ನಾಲ್ಕು. ಪದಸಂಖ್ಯೆ ಮೀರಿತು ಎಂದು ಒಮ್ಮೆ ವಾಪಸ್ಸೂ ಬಂದಿದೆ. ಆ ನಾಲ್ಕನ್ನೂ ಉಳಿಸಲು ವಾದ ಮಾಡಿದೆ, ಉಳಿಯಿತು.

ಈ ಭಾನುವಾರ ಕೆಳಗಿಳಿದು ನಿಮ್ಮ ಪೆಡಲನ್ನು ಒಮ್ಮೆ ಕೈಯಿಂದ ಒತ್ತಿ ನೋಡಿ.