ಪೀಠ ತೊರೆದ ನ್ಯಾಯಮೂರ್ತಿ

ಅಮೆರಿಕದ ಫೆಡರಲ್ ನ್ಯಾಯಾಧೀಶನನ್ನು ಅಧ್ಯಕ್ಷನು ಹೆಸರಿಸುತ್ತಾನೆ, ಸೆನೆಟ್ ಸಭೆ ಒಪ್ಪಿಗೆಯೀಯುತ್ತದೆ. ಆಮೇಲೆ ಸನ್ನಡತೆಯಿರುವ ತನಕ ಆ ಪೀಠ ಅವನದೇ. ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗಾದರೋ 65 ವರ್ಷ ತುಂಬುವವರೆಗೆ ಅಭಯವುಂಟು. ಆದರೆ ಮುಖ್ಯ ನ್ಯಾಯಮೂರ್ತಿಯ ಪದವಿ ಹಿರಿತನದಿಂದ ಬರುವುದು ಕೇವಲ ರೂಢಿ. ಆ ರೂಢಿ ಮುರಿದ ದಿನ ನ್ಯಾಯಾಧೀಶನಾದವನು ಏನು ಮಾಡಬೇಕು? ಕಾರ್ಕಳ ತಾಲೂಕಿನ ಕೌಡೂರಿನವರೊಬ್ಬರು ಇದಕ್ಕೆ ಕೊಟ್ಟ ಉತ್ತರ ಸ್ಮರಣೀಯವಾದುದು.

ಕೌಡೂರು ಸದಾನಂದ ಹೆಗ್ಡೆಯವರು ಜನಿಸಿದ್ದು 1909ರ ಜೂನ್ 11ರಂದು. ಮಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ವ್ಯಾಸಂಗ ಮಾಡಿ 1933ರಲ್ಲಿ ವಕೀಲರಾದರು. 1952ರಿಂದ ಐದು ವರ್ಷ ರಾಜ್ಯಸಭೆಯ ಸದಸ್ಯತ್ವ; 1957ರಲ್ಲಿ ಮೈಸೂರು ಹೈಕೋರ್ಟಿನ ಪೀಠ; 1966ರಲ್ಲಿ ಹೊಸದಾಗಿ ಸ್ಥಾಪಿತವಾದ ದಿಲ್ಲಿ ಹೈಕೋರ್ಟಿನ ಪ್ರಥಮ ಮುಖ್ಯ ನ್ಯಾಯಮೂರ್ತಿತ್ವ; ಮರುವರ್ಷವೇ ಸುಪ್ರೀಂ ಕೋರ್ಟು.

ಪರೀಕ್ಷೆಯ ಕಾಲ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ. ಸಂಸತ್ತು ಸಂವಿಧಾನವನ್ನು ತನಗೆ ತೋರಿದಂತೆಲ್ಲ ತಿದ್ದಬಹುದೇ ಎಂಬುದು ಪ್ರಶ್ನೆ. ಹದಿಮೂವರು ನ್ಯಾಯಮೂರ್ತಿಗಳು 68 ದಿನ ವಾದವನ್ನು ಆಲಿಸಿದರು. 1973ರ ಏಪ್ರಿಲ್ 24ರಂದು ತೀರ್ಪು ಹೊರಬಿತ್ತು: ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡವಲಾಗದು. ಹೀಗೆಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು.

ಅದರ ಬೆನ್ನಿಗೇ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಸರಕಾರವು ಎ. ಎನ್. ರೇ ಅವರನ್ನು ಆ ಸ್ಥಾನಕ್ಕೇರಿಸಿತು. ಮೂವರೂ ಬಹುಮತದ ಕಡೆಯವರು. ರೇ ಅವರು ಅಲ್ಪಮತದವರು. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ನೋಡಬೇಕೆಂದು ಸಚಿವ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಸಮರ್ಥಿಸಿದರು. ವಕೀಲವರ್ಗವಾದರೋ ಇದು ಸ್ವತಂತ್ರ ತೀರ್ಪಿಗೆ ತೆತ್ತ ದಂಡವೆಂದು ಪ್ರತಿಭಟಿಸಿತು.

ಹೆಗ್ಡೆಯವರಿಗೆ ಇನ್ನೂ ಒಂದು ವರ್ಷಕ್ಕೆ ಮೀರಿ ಸೇವಾವಧಿಯಿತ್ತು. ಸುಮ್ಮನಿದ್ದರೆ ಸಂಬಳಕ್ಕೂ ಗೌರವಕ್ಕೂ ಕುಂದಿರಲಿಲ್ಲ. ಆದರೆ ಮೂವರೂ ರಾಜೀನಾಮೆಯಿತ್ತು ಹೊರನಡೆದರು.

ಕಾಲಚಕ್ರದ ಗತಿ ವಿಚಿತ್ರವಾದುದು. ಸಂಸತ್ತಿನ ಅಧಿಕಾರಕ್ಕೆ ಎಲ್ಲೆಯುಂಟೆಂದು ಬರೆದವರೇ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಅಧ್ಯಕ್ಷರಾದರು! 1979ರಲ್ಲಿ ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಅವರು ಆರಂಭಿಸಿದ ವಿದ್ಯಾಸಂಸ್ಥೆ ಇಂದು ಹೆಮ್ಮರವಾಗಿದೆ. ಪುತ್ರ ಸಂತೋಷ ಹೆಗ್ಡೆಯವರೂ 1999ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು.

1990ರಲ್ಲಿ ಹೆಗ್ಡೆಯವರು ಕಾಲವಶರಾದರು. 1977ರಲ್ಲಿ ಇನ್ನೊಮ್ಮೆ ಮುರಿದ ಹಿರಿತನದ ರೂಢಿ ಅನಂತರ ಮತ್ತೆ ನೆಲೆನಿಂತಿತು. ಮೂಲರಚನೆಯ ಸಿದ್ಧಾಂತವೂ ಅಳಿಯದೆ ಉಳಿದಿದೆ. ಮುಖ್ಯ ನ್ಯಾಯಮೂರ್ತಿಯ ಪೀಠ ಅವರಿಗೆ ದಕ್ಕಲಿಲ್ಲ; ಅವರು ಎತ್ತಿಹಿಡಿದ ಮಾತು ದೇಶಕ್ಕೆ ದಕ್ಕಿತು.