ಬೀಗವಿಲ್ಲದ ಅಂಗಡಿ



ಬಕ್ರೀದ್ ರಜೆಯಲ್ಲಿ ಅಕ್ಕತಂಗಿಯರೆಲ್ಲ ಮಕ್ಕಳೊಂದಿಗೆ ತವರಿನಲ್ಲಿ ಸೇರಿದ್ದೆವು. ನಮ್ಮ ತವರು ಮಲೆನಾಡಿನ ಒಳಭಾಗದಲ್ಲಿದೆ. ಮಳೆ ಜೋರಾದರೆ ಮೊಬೈಲ್‌ನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅಂದು ಸಂಜೆ ಹೊರಗೆ ಹೋಗಲಾಗದ ಹುಡುಗರು ಲ್ಯಾಪ್‌ಟಾಪ್ ತೆರೆದು ಕುಳಿತರು. ಸ್ವಲ್ಪ ಹೊತ್ತಿನಲ್ಲೇ ನನ್ನ ಮಗನ ಮುಖ ಸಪ್ಪಗಾಯಿತು. ಹಿರಿಯರು ಕೊಟ್ಟ ಈದಿಯನ್ನೆಲ್ಲ ಕೂಡಿಟ್ಟು ಅವನು ಕೊಂಡಿದ್ದ ಆಟ ತೆರೆಯಲೇ ಇಲ್ಲ. ಇಂಟರ್ನೆಟ್ ಸಂಪರ್ಕವಿಲ್ಲ ಎಂಬ ಸೂಚನೆ ಮಾತ್ರ ಪರದೆಯ ಮೇಲೆ ಬರುತ್ತಿತ್ತು. ಅದು ಒಬ್ಬನೇ ಕುಳಿತು ಆಡುವ ಆಟ. ಅದಕ್ಕೆ ಇಂಟರ್ನೆಟ್ ಏಕೆ ಬೇಕೋ ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲೇ ಇಂಜಿನಿಯರಿಂಗ್ ಓದುವ ಅಕ್ಕನ ಮಗ ತನ್ನ ಆಟವನ್ನು ನಿಶ್ಚಿಂತೆಯಿಂದ ಆಡುತ್ತಿದ್ದ.

"ನಿಂದು ಮಾತ್ರ ಹೇಗೆ ನಡೀತಾ ಇದೆ?" ಎಂದು ಕೇಳಿದೆ.

"ಖಾಲಾ, ಇದು ನಾನು ಕೊಂಡದ್ದು. ಅವನದ್ದು ಬಾಡಿಗೆ. ಅವನಿಗೆ ಅದು ಗೊತ್ತಿಲ್ಲ ಅಷ್ಟೆ," ಎಂದು ನಕ್ಕ.

ನನ್ನ ಮಗನೂ ಹಣ ಕೊಟ್ಟೇ ಪಡೆದದ್ದಲ್ಲವೇ? ಹಾಗಿದ್ದರೆ ಅದು ಬಾಡಿಗೆ ಹೇಗಾಯಿತು? ಆ ಮಾತಿನ ಬೆನ್ನು ಹಿಡಿದು ನಾನು ತಿಳಿದುಕೊಂಡದ್ದನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ನಮ್ಮ ಮಕ್ಕಳ ಹಣ ಎಲ್ಲಿಗೆ ಹೋಗುತ್ತಿದೆ, ಅದಕ್ಕೆ ಬದಲಾಗಿ ಅವರಿಗೆ ಏನು ಸಿಗುತ್ತಿದೆ ಎಂಬುದು ತಾಯಂದಿರಾದ ನಮಗೆ ತಿಳಿದಿರಬೇಕಲ್ಲವೇ?

ಇಂಟರ್ನೆಟ್ ಮೂಲಕ ಮಾರಾಟವಾಗುವ ಹೆಚ್ಚಿನ ಆಟಗಳಿಗೆ ಒಂದು ಬೀಗ ಇರುತ್ತದೆ. ಇದಕ್ಕೆ 'ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್', ಚಿಕ್ಕದಾಗಿ ಡಿಆರ್‌ಎಂ ಎನ್ನುತ್ತಾರೆ. ಆಟ ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೂ ಅದರ ಕೀಲಿ ಕಂಪೆನಿಯ ಕೈಯಲ್ಲಿರುತ್ತದೆ. ಕೆಲವು ಆಟಗಳು ಪ್ರತಿ ಬಾರಿ ತೆರೆಯುವಾಗಲೂ ಕಂಪೆನಿಯ ಕಂಪ್ಯೂಟರನ್ನು ಸಂಪರ್ಕಿಸಿ 'ಇವನು ಹಣ ಕೊಟ್ಟವನೇ?' ಎಂದು ವಿಚಾರಿಸುತ್ತವೆ. ಇನ್ನು ಕೆಲವು ಆಗಾಗ ವಿಚಾರಿಸುತ್ತವೆ. ಹೌದೆಂಬ ಉತ್ತರ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಳ್ಳ ಪ್ರತಿಗಳನ್ನು ತಡೆಯಲು ಈ ಬೀಗ ಎಂದು ಕಂಪೆನಿಗಳು ಹೇಳುತ್ತವೆ. ಆಟ ತಯಾರಿಸಲು ನೂರಾರು ಮಂದಿ ವರ್ಷಗಟ್ಟಲೆ ದುಡಿಯುತ್ತಾರೆ. ಅವರ ಶ್ರಮಕ್ಕೆ ಪ್ರತಿಫಲ ಸಿಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ಬೀಗ ನಿಜವಾಗಿ ಯಾರನ್ನು ತಡೆಯುತ್ತದೆ? 2008ರಲ್ಲಿ 'ಸ್ಪೋರ್' ಎಂಬ ಆಟ ಬಂತು. ಹಣ ಕೊಟ್ಟವರು ಅದನ್ನು ಮೂರು ಬಾರಿ ಮಾತ್ರ ಕಂಪ್ಯೂಟರ್‌ನಲ್ಲಿ ನೋಂದಾಯಿಸಿಕೊಳ್ಳಬಹುದು ಎಂಬ ನಿಯಮವಿತ್ತು. ಕಂಪ್ಯೂಟರ್ ಕೆಟ್ಟು ಬದಲಿಸಬೇಕಾಗಿ ಬಂದರೆ ಅದೂ ಲೆಕ್ಕಕ್ಕೆ ಸೇರುತ್ತಿತ್ತು. ಜನ ಸಿಟ್ಟಾಗಿ ಅಮೆಜಾನ್‌ನಲ್ಲಿ ಆ ಆಟಕ್ಕೆ ಸಾವಿರಾರು ಸಂಖ್ಯೆಯಲ್ಲಿ ಕನಿಷ್ಠ ಅಂಕ ಕೊಟ್ಟರು. ಅತ್ತ ಕಳ್ಳ ಪ್ರತಿಗಳು ಯಾವ ಅಡ್ಡಿಯೂ ಇಲ್ಲದೆ ಹರಡಿದವು. 2010ರಲ್ಲಿ 'ಅಸಾಸಿನ್ಸ್ ಕ್ರೀಡ್ 2' ಎಂಬ ಆಟವನ್ನು ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಲೇಬೇಕು ಎಂಬ ಏರ್ಪಾಡು ಮಾಡಲಾಯಿತು. ಮಾರ್ಚ್‌ನಲ್ಲಿ ಕಂಪೆನಿಯ ಕಂಪ್ಯೂಟರ್‌ಗಳೇ ಕೈಕೊಟ್ಟಾಗ ಹಣ ಕೊಟ್ಟು ಪಡೆದವರು ಆಡಲಾಗದೆ ಕುಳಿತರು. ಬೀಗ ಒಡೆದು ಒಳನುಗ್ಗುವವನಿಗೆ ಬೀಗದಿಂದ ಏನೂ ತೊಂದರೆಯಿಲ್ಲ. ಬಾಗಿಲು ತಟ್ಟಿ ಕಾಯುವವನಿಗೇ ಎಲ್ಲ ತೊಂದರೆ.

ಇದಕ್ಕಿಂತ ಗಂಭೀರ ಸಂಗತಿ ಇನ್ನೊಂದಿದೆ. 2014ರಲ್ಲಿ ಯೂಬಿಸಾಫ್ಟ್ ಕಂಪೆನಿ 'ದಿ ಕ್ರೂ' ಎಂಬ ಕಾರ್ ಓಟದ ಆಟವನ್ನು ಮಾರಿತು. 2024ರ ಮಾರ್ಚ್ 31ರಂದು ಅದರ ಸರ್ವರ್‌ಗಳನ್ನು ಮುಚ್ಚಿತು. ಅಂದು ಹಣ ಕೊಟ್ಟವರಾರೂ, ಒಬ್ಬಂಟಿಯಾಗಿ ಕೂಡ, ಅದನ್ನು ಆಡಲಾಗದಂತಾಯಿತು. ಈ ಘಟನೆಯ ನಂತರ ಯುರೋಪಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಆಂದೋಲನ ಹುಟ್ಟಿತು. ಮಾರಿದ ಆಟವನ್ನು ಹೀಗೆ ಕೊಲ್ಲಬಾರದು ಎಂಬ ಅದರ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಇದು ಆಟಗಳಿಗೆ ಮಾತ್ರ ಸೀಮಿತವಲ್ಲ. 2009ರ ಜುಲೈಯಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಗರ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ರ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿ ಹಾಕಿತು. ಅವುಗಳನ್ನು ಮಾರಿದವರಿಗೆ ಮಾರುವ ಹಕ್ಕು ಇರಲಿಲ್ಲವಂತೆ. ಹಣ ಹಿಂದಿರುಗಿಸಿದರು, ಕಂಪೆನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಕಪಾಟಿನಲ್ಲಿಟ್ಟ ಪುಸ್ತಕವನ್ನು ಅಂಗಡಿಯವನು ರಾತ್ರೋರಾತ್ರಿ ಬಂದು ತೆಗೆದುಕೊಂಡು ಹೋಗಬಹುದಾದರೆ ಅದು ನಮ್ಮ ಪುಸ್ತಕ ಹೇಗಾದೀತು?

ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟ ಅಂಗಡಿಯೊಂದು ಪೋಲೆಂಡ್‌ನಲ್ಲಿದೆ. ಅದರ ಹೆಸರು ಜಿಒಜಿ. ಅಕ್ಕನ ಮಗ ತನ್ನ ಆಟವನ್ನು ಕೊಂಡದ್ದು ಅಲ್ಲಿಂದಲೇ. 'ಗುಡ್ ಓಲ್ಡ್ ಗೇಮ್ಸ್' ಎಂಬ ಹೆಸರಿನಲ್ಲಿ 2008ರಲ್ಲಿ ಅದನ್ನು ಆರಂಭಿಸಿದ್ದು ಸಿಡಿ ಪ್ರಾಜೆಕ್ಟ್ ಎಂಬ ಕಂಪೆನಿ. ಅದರ ಹಿನ್ನೆಲೆ ಸ್ವಾರಸ್ಯಕರವಾಗಿದೆ. 1990ರ ದಶಕದ ಆರಂಭದಲ್ಲಿ ಪೋಲೆಂಡ್‌ನ ರಾಜಧಾನಿ ವಾರ್ಸಾದ ಬಯಲು ಸಂತೆಗಳಲ್ಲಿ ನಕಲಿ ಆಟಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಶಾಲಾ ಗೆಳೆಯರಾದ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ 1994ರಲ್ಲಿ ಈ ಕಂಪೆನಿ ಕಟ್ಟಿದಾಗ ಅವರಿಗೆ ಪೈಪೋಟಿ ನೀಡುತ್ತಿದ್ದುದು ಇನ್ನೊಂದು ಕಂಪೆನಿಯಲ್ಲ, ಅಗ್ಗದ ಕಳ್ಳಮಾಲು.

ಅವರು ಏನು ಮಾಡಿದರು? 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ಆಟವನ್ನು ಪೋಲಿಷ್ ಭಾಷೆಗೆ ತಂದರು. ಹೆಸರಾಂತ ನಟರಿಂದ ಮಾತು ಹೇಳಿಸಿದರು. ಪೆಟ್ಟಿಗೆಯೊಳಗೆ ನಕ್ಷೆ, ನಿಯಮಗಳ ಪುಸ್ತಕ, ಸಂಗೀತದ ಸಿಡಿ ಇಟ್ಟು ಕೊಟ್ಟರು. ನಕಲಿ ಕೊಳ್ಳುವವರನ್ನು ಹೆದರಿಸಲಿಲ್ಲ. ಅಸಲಿ ಕೊಳ್ಳುವವರಿಗೆ ಹೆಚ್ಚು ಕೊಟ್ಟರು. ಆಟ ಚೆನ್ನಾಗಿ ಮಾರಾಟವಾಯಿತು. ಕಳ್ಳತನವನ್ನು ಬೀಗದಿಂದಲ್ಲ, ಒಳ್ಳೆಯ ವ್ಯಾಪಾರದಿಂದ ಗೆಲ್ಲಬೇಕು ಎಂಬ ಈ ಪಾಠವೇ ಮುಂದೆ ಜಿಒಜಿಯ ಅಡಿಪಾಯವಾಯಿತು.

ಅಲ್ಲಿ ಹಣ ಕೊಟ್ಟರೆ ಆಟವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಇಡೀ ಕಡತವನ್ನೇ ಇಳಿಸಿಕೊಳ್ಳಬಹುದು. ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಎತ್ತಿಡಬಹುದು. ಹತ್ತು ವರ್ಷ ಬಿಟ್ಟು ಇಂಟರ್ನೆಟ್ ಇಲ್ಲದ ಊರಿನಲ್ಲಿ ಹಾಕಿಕೊಂಡರೂ ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. 2020ರಲ್ಲಿ ಇನ್ನೊಂದು ನಿಯಮ ತಂದರು: ಕೊಂಡ 30 ದಿನಗಳೊಳಗೆ, ಆಡಿ ನೋಡಿದ ಮೇಲೂ, ಹಣ ವಾಪಸು ಕೇಳಬಹುದು.

ಹಳೆಯ ಆಟಗಳನ್ನು ಉಳಿಸುವುದು ಜನ ಅಲ್ಲಿಗೆ ಹೋಗಲು ಮತ್ತೊಂದು ಕಾರಣ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಹೇಳಿತು. ಹಳೆಯ ಕಂಪ್ಯೂಟರ್‌ಗಳಿಗಾಗಿ ಮಾಡಿದ ಆಟಗಳನ್ನು ಹೊಸ ಯಂತ್ರಗಳಲ್ಲಿ ನಡೆಯುವಂತೆ ದುರಸ್ತಿ ಮಾಡಿ ಮಾರುವುದು ಜಿಒಜಿಯ ಮೊದಲಿನಿಂದಲೂ ಬಂದ ಕೆಲಸ. 2024ರ ನವೆಂಬರ್‌ನಲ್ಲಿ ನೂರು ಆಟಗಳನ್ನಿಟ್ಟುಕೊಂಡು ಸಂರಕ್ಷಣೆಯ ಯೋಜನೆಯೊಂದನ್ನೇ ಆರಂಭಿಸಿತು. ಮುಂದಿನ ತಿಂಗಳಲ್ಲೇ 'ವಾರ್‌ಕ್ರಾಫ್ಟ್' ಸರಣಿಯ ಹಳೆಯ ಎರಡು ಆಟಗಳನ್ನು ಅವುಗಳ ಒಡೆಯ ಕಂಪೆನಿ ಅಂಗಡಿಯಿಂದ ತೆಗೆಸಿತು. ಆದರೆ ಆಗಲೇ ಕೊಂಡಿದ್ದವರಲ್ಲಿ ಅವು ಹಾಗೆಯೇ ಉಳಿದವು.

ಬೀಗವಿಲ್ಲದಿದ್ದರೆ ಯಾರು ಹಣ ಕೊಡುತ್ತಾರೆ ಎಂದು ನೀವು ಕೇಳಬಹುದು. ಅದೇ ಕಂಪೆನಿ ತಯಾರಿಸಿದ 'ವಿಚರ್ 3' ಎಂಬ ಆಟವನ್ನು 2015ರಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಈ ಅಂಗಡಿಯಲ್ಲಿ ಇಡಲಾಯಿತು. ಬೇಕಾದವರು ನಕಲು ಮಾಡಿಕೊಳ್ಳಬಹುದಿತ್ತು. ಆದರೂ ಎಲ್ಲ ಬಗೆಯ ಯಂತ್ರಗಳಿಗೆ ಮಾರಿದ್ದನ್ನು ಸೇರಿಸಿ 2023ರ ವೇಳೆಗೆ ಅದರ ಐದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಇದರಲ್ಲಿ ಕೊರತೆಗಳೂ ಇವೆ. ಸ್ಟೀಮ್‌ನಂತಹ ದೊಡ್ಡ ಅಂಗಡಿಗಳಲ್ಲಿ ಸಿಗುವಷ್ಟು ಆಟಗಳು ಇಲ್ಲಿ ಸಿಗುವುದಿಲ್ಲ. ಬೀಗ ಬಿಡಲು ಒಪ್ಪದ ಕಂಪೆನಿಗಳು ಇಲ್ಲಿಗೆ ಬರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಇಲ್ಲಿ ಸಿಗುವುದೂ ಬಳಸುವ ಪರವಾನಗಿಯೇ. ಆದರೆ ಕೊಟ್ಟದ್ದನ್ನು ಕಸಿದುಕೊಳ್ಳುವ ದಾರಿಯನ್ನು ಮಾರುವವನು ತನ್ನ ಬಳಿ ಇಟ್ಟುಕೊಂಡಿಲ್ಲ ಎಂಬುದೇ ದೊಡ್ಡ ವ್ಯತ್ಯಾಸ.

ಈ ವಿಷಯ ನನಗೇಕೆ ಮುಖ್ಯವಾಯಿತೆಂದರೆ, ಇದು ನಮ್ಮ ದೀನ್ ನಮಗೆ ಕಲಿಸಿದ ವ್ಯಾಪಾರದ ಶಿಷ್ಟಾಚಾರಕ್ಕೆ ಸಂಬಂಧಿಸಿದ್ದು. ಮಾರಾಟವೂ ಧರ್ಮಸಮ್ಮತ, ಬಾಡಿಗೆಯೂ ಧರ್ಮಸಮ್ಮತ. ಆದರೆ ಅವೆರಡೂ ಬೇರೆ ಬೇರೆ ಎಂದು ನಮ್ಮ ವಿದ್ವಾಂಸರು ಸ್ಪಷ್ಟವಾಗಿ ವಿಂಗಡಿಸಿದ್ದಾರೆ. ಮಾರಿದ ಮೇಲೆ ವಸ್ತು ಕೊಂಡವನದು. ಬಾಡಿಗೆಯಾದರೆ ಅವಧಿ ಎಷ್ಟೆಂದು ಮೊದಲೇ ತಿಳಿಸಬೇಕು. ಪ್ರವಾದಿ ಮುಹಮ್ಮದ್(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಿಮಗೆಲ್ಲ ತಿಳಿದದ್ದೇ. ಮೇಲೆ ಒಣಗಿದ್ದು, ಅಡಿಯಲ್ಲಿ ಒದ್ದೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದು ಅವರು ವ್ಯಾಪಾರಿಯನ್ನು ಎಚ್ಚರಿಸಿದರು. 'ಖರೀದಿಸಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, 'ಬೇಕೆಂದಾಗ ವಾಪಸು ಪಡೆಯುತ್ತೇವೆ' ಎಂಬುದನ್ನು ಯಾರೂ ಓದದ ನಿಬಂಧನೆಗಳಲ್ಲಿ ಅಡಗಿಸುವುದು ಆ ಒದ್ದೆ ಧಾನ್ಯವಲ್ಲದೆ ಇನ್ನೇನು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಈ ಬಗ್ಗೆ ಒಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಕೊಡುತ್ತಿರುವುದು ಪರವಾನಗಿ ಮಾತ್ರವಾಗಿದ್ದರೆ ಹಾಗೆಂದು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದ ಬಳಸುವಂತಿಲ್ಲ. ಆದರೆ ಶಾಶ್ವತವಾಗಿ ಇಳಿಸಿಟ್ಟುಕೊಳ್ಳಲು ಬಿಟ್ಟು, ಮತ್ತೆ ಹಿಂಪಡೆಯಲಾಗದಂತೆ ಮಾರುವವರಿಗೆ ಈ ನಿಯಮವಿಲ್ಲ. ಒದ್ದೆ ಧಾನ್ಯವನ್ನು ಮೇಲಿಡು ಎಂಬ ಮಾತು ಕಾನೂನಾಗಲು ಇಷ್ಟು ಕಾಲ ಬೇಕಾಯಿತು.

ಇನ್ನು ಅಂದಿನ ಸಂಜೆಯ ಉಳಿದ ಕಥೆ. ಬೀಗವಿಲ್ಲ ಎಂದು ತಿಳಿದೊಡನೆ ನನ್ನ ಮಗ ಪೆನ್‌ಡ್ರೈವ್ ಹಿಡಿದು ಬಂದ. "ಭಾಯ್, ನಂಗೂ ಕಾಪಿ ಮಾಡಿಕೊಡಿ" ಎಂದ. ಅವನು ಆಗುವುದಿಲ್ಲ ಎಂದ. ಮಗನ ಮುಖ ನೋಡಲಾಗದೆ ನಾನೂ ಬಾಯಿ ಹಾಕಿದೆ: "ಕೊಡಪ್ಪಾ, ಈದ್ ದಿನ. ನಿಂದೇನು ಖರ್ಚಾಗುತ್ತೆ?"

"ಖಾಲಾ," ಎಂದ ಅವನು ಮೆಲ್ಲಗೆ, "ಬೀಗ ಇಲ್ಲ ಅಂದ್ರೆ ಯಜಮಾನ ಇಲ್ಲ ಅಂತಲ್ಲ. ನನ್ನ ಎಷ್ಟು ಕಂಪ್ಯೂಟರ್‌ಗೆ ಬೇಕಾದ್ರೂ ಹಾಕ್ಕೋಬಹುದು, ಬೇರೆಯವರಿಗೆ ಮಾತ್ರ ಹಂಚಬೇಡಿ ಅಂತ ಅವರು ನಂಬಿ ಕೊಟ್ಟಿದ್ದಾರೆ."

ಮಕ್ಕಳ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ಹೊತ್ತು ಕಂಪೆನಿಗಳ ಮೋಸದ ಬಗ್ಗೆ ತಲೆದೂಗಿದ ನಾನು ಕ್ಷಣ ಮಾತ್ರದಲ್ಲಿ ಮಗನಿಗೆ ಮೋಸದ ದಾರಿ ತೋರಿಸಿದ್ದೆ. ಹಣ ಕೊಡದೆ ಪೆನ್‌ಡ್ರೈವ್‌ನಲ್ಲಿ ಹಂಚಿಕೊಂಡ ಸಿನಿಮಾಗಳು, ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿದ ಪುಸ್ತಕಗಳು ಒಂದೊಂದಾಗಿ ನೆನಪಾದವು. ಅವನ್ನು ಕಳ್ಳತನ ಎಂದು ನಾನು ಯಾವತ್ತೂ ಭಾವಿಸಿರಲಿಲ್ಲ. ಮುಟ್ಟಲು ಸಿಗದ ಇಂತಹ ಹಕ್ಕುಗಳೂ ಒಡೆಯನ ಸೊತ್ತೇ, ಅವನ್ನು ಅತಿಕ್ರಮಿಸಬಾರದು ಎಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲೇ ಕುವೈತ್‌ನ ಅಧಿವೇಶನದಲ್ಲಿ ನಿರ್ಣಯಿಸಿದೆ. ಕೊಟ್ಟ ಮಾತನ್ನು ಪಾಲಿಸಬೇಕೆಂದು ಕುರ್‌ಆನ್ ನಮಗೆ ಆಜ್ಞಾಪಿಸಿದೆ. ಆ ಆಜ್ಞೆ ಅಂಗಡಿಯವನಿಗೆ ಮಾತ್ರವಲ್ಲ, ಗಿರಾಕಿಗೂ ಅನ್ವಯಿಸುತ್ತದೆ.

ಸಹೋದರಿಯರೇ, ಮಕ್ಕಳಿಗೆ ಆಟ ಕೊಡಿಸುವ ಮೊದಲು ಅದರಲ್ಲಿ ಏನಿದೆ ಎಂದು ನೋಡಿಕೊಳ್ಳಿ. ನಮಾಝ್ ಮತ್ತು ಓದಿಗೆ ಅಡ್ಡಿಯಾಗದಂತೆ ಸಮಯ ನಿಗದಿಪಡಿಸಿ. ಜೊತೆಗೆ ಈ ಮೂರು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಿ: ಇಂಟರ್ನೆಟ್ ಇಲ್ಲದೆ ಇದು ನಡೆಯುತ್ತದೆಯೇ? ಇದನ್ನು ನಮ್ಮ ಬಳಿ ಎತ್ತಿಡಬಹುದೇ? ಕಂಪೆನಿ ಮುಚ್ಚಿದರೂ ಇದು ಉಳಿಯುತ್ತದೆಯೇ? ಮೂರಕ್ಕೂ ಇಲ್ಲ ಎಂಬುದೇ ಉತ್ತರವಾದರೆ ಅದು ಬಾಡಿಗೆ. ಬಾಡಿಗೆಯೆಂದು ತಿಳಿದೇ, ಬಾಡಿಗೆಗೆ ತಕ್ಕ ಹಣ ಮಾತ್ರ ಕೊಡಿ.

ಬೀಗವಿಲ್ಲದ್ದು ಸಿಕ್ಕರೆ ಅದು ಅಮಾನತ್ ಎಂದು ಮಕ್ಕಳಿಗೆ ಹೇಳಿಕೊಡಿ. ಯಾರೂ ನೋಡದಿರುವಾಗ, ಯಾವ ಬೀಗವೂ ತಡೆಯದಿರುವಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲೇ ಅವನ ತಖ್ವಾ ಇದೆ. ಊರಿಗೆ ಹೊರಡುವ ಹಿಂದಿನ ದಿನ ನೆಟ್‌ವರ್ಕ್ ಬಂದಾಗ ಅಕ್ಕನ ಮಗ ರಿಯಾಯಿತಿಯಲ್ಲಿದ್ದ ಒಂದು ಹಳೆಯ ಆಟವನ್ನು ತನ್ನ ಹಣದಿಂದಲೇ ಕೊಂಡು ತಮ್ಮನಿಗೆ ಉಡುಗೊರೆಯಾಗಿ ಕೊಟ್ಟ. ಮಗನ ಪೆನ್‌ಡ್ರೈವ್ ಈಗ ನನ್ನ ಬಳಿ ಇದೆ. ಅದರಲ್ಲಿದ್ದುದನ್ನೆಲ್ಲ ಇಬ್ಬರೂ ಕುಳಿತು ಅಳಿಸಿ ಹಾಕಿದೆವು. ಅಲ್ಹಮ್ದುಲಿಲ್ಲಾಹ್, ಅಳಿಸಲು ಮೊದಲು ಕೈ ಹಾಕಿದ್ದು ಅವನೇ.