ಬಾನುಲಿಯ ತೊಂಬತ್ತು ವರ್ಷ: ದುಡ್ಡು ಯಾರದು, ದನಿ ಯಾರದು?

ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಕೈಯಲ್ಲಿದ್ದದ್ದು ಒಂದು ಪುಟ್ಟ ಟ್ರಾನ್ಸ್‌ಮಿಟರು. ಮೊದಮೊದಲ ಖರ್ಚೆಲ್ಲ ಸ್ವಂತದ್ದು. ಆಮೇಲೆ ನಗರಸಭೆ, ಅದರ ಬೆನ್ನಿಗೆ ಮೈಸೂರು ಸರ್ಕಾರ, 1950ರಲ್ಲಿ ಕೇಂದ್ರ ಸರ್ಕಾರ ಅದನ್ನು ವಹಿಸಿಕೊಂಡವು. ಅಲ್ಲಿ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. 2001ರ ಜುಲೈನಲ್ಲಿ ರೇಡಿಯೊ ಸಿಟಿ ಶುರುವಾದಾಗ ಭಾರತದ ಖಾಸಗಿ ಎಫ್‌ಎಂ ಕೂಡ ಬೆಂಗಳೂರಿನಿಂದಲೇ ಹೊರಟಿತು. ಈಗ ಮೊಬೈಲಿನಲ್ಲಿ ಪಾಡ್‌ಕಾಸ್ಟ್. ತೊಂಬತ್ತು ವರ್ಷಗಳ ಈ ಹಾದಿಯನ್ನು ತಿರುಗಿ ನೋಡಿದರೆ ಮೂರರ ಸ್ವಭಾವವನ್ನೂ ಒಂದೇ ಪ್ರಶ್ನೆ ನಿರ್ಧರಿಸಿದೆ: ದುಡ್ಡು ಯಾರದು?

ಆಕಾಶವಾಣಿಯದು ಜನರ ದುಡ್ಡು. ಒಂದು ಕಾಲಕ್ಕೆ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಈಗ ಆ ದುಡ್ಡು ಬಹುಮಟ್ಟಿಗೆ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಜಾಹೀರಾತುದಾರನ ಮುಖ ನೋಡಬೇಕಿಲ್ಲದ್ದರಿಂದಲೇ ಮಡಿಕೇರಿ ಕೇಂದ್ರದಲ್ಲಿ ಕೊಡವ ತಕ್ಕ್ ಮತ್ತು ಅರೆಭಾಷೆಗೆ, ಮಂಗಳೂರಿನಲ್ಲಿ ತುಳು, ಕೊಂಕಣಿಗೆ ಜಾಗ ಸಿಕ್ಕಿತು. ಅರೆಭಾಷೆ ಆಡುವವರ ಸಂಖ್ಯೆ ನೋಡಿ ಯಾವ ಕಂಪನಿ ಸೋಪಿನ ಜಾಹೀರಾತು ಕೊಟ್ಟೀತು? ಧಾರವಾಡದಲ್ಲಿ ಎನ್ಕೆಯವರಂಥ ಲೇಖಕರು ಬಾನುಲಿ ನಾಟಕಕ್ಕೆ ಉತ್ತರ ಕರ್ನಾಟಕದ ಮಾತಿನ ಸೊಗಡು ತಂದರು. ಬೆಂಗಳೂರು ಕೇಂದ್ರದಿಂದ ಎ.ಎಸ್. ಮೂರ್ತಿಯವರು ‘ಈರಣ್ಣ’ ಎಂಬ ಪಾತ್ರವಾಗಿ ಹಳ್ಳಿ ಹಳ್ಳಿಗೂ ಪರಿಚಿತರಾದರು. ಗೊಬ್ಬರ ಯಾವಾಗ ಹಾಕಬೇಕು, ರೋಗಕ್ಕೆ ಏನು ಸಿಂಪಡಿಸಬೇಕು ಎಂಬುದನ್ನು ಇಂಥ ಪರಿಚಿತ ದನಿಯಲ್ಲಿ ಕೇಳಿದ ರೈತನಿಗೆ ಅದು ಅಧಿಕಾರಿಯ ಉಪದೇಶ ಅನ್ನಿಸಲಿಲ್ಲ, ಪಕ್ಕದ ಹೊಲದವನ ಮಾತು ಅನ್ನಿಸಿತು. ಕೃಷಿ ಆದ ಮೇಲೆ ಶಾಸ್ತ್ರೀಯ ಸಂಗೀತ, ಆಮೇಲೆ ವಾರ್ತೆ, ನಡುವೆ ಒಂದು ಚಿಂತನ. ಕೇಳಬೇಕೆಂದು ಕೂತಿರದಿದ್ದ ಎಷ್ಟೋ ಸಂಗತಿಗಳು ಅಡುಗೆಮನೆಗೂ ಜಗಲಿಗೂ ತಾವಾಗಿ ಬಂದವು. ಒಬ್ಬ ಕೇಳುಗ ಹೆಚ್ಚಾದರೆ ಪ್ರಸಾರಕ್ಕೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ಎರಡು ಸೆಲ್ ಹಾಕಿದ ಟ್ರಾನ್ಸಿಸ್ಟರ್ ಕರೆಂಟ್ ಹೋದರೂ ಮಾತಾಡುತ್ತದೆ.

ಹಾಗೆಂದು ಅದರ ತಪ್ಪುಗಳನ್ನು ಮರೆಯಲಾಗದು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಜನರ ಅಭಿರುಚಿ ತಿದ್ದಲು ಹೊರಟು ಚಿತ್ರಗೀತೆಗಳನ್ನು ದೂರವಿಟ್ಟರು; ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದರ ಹಿಂದೆ ಆ ಪಾಠವಿದೆ. ತುರ್ತು ಪರಿಸ್ಥಿತಿಯಲ್ಲಿ ವಾರ್ತೆ ಸರ್ಕಾರದ ಕಹಳೆಯಾಯಿತು. 1997ರಲ್ಲಿ ಪ್ರಸಾರ ಭಾರತಿ ಎಂಬ ಸ್ವಾಯತ್ತ ಸಂಸ್ಥೆ ಬಂದರೂ ಹಣದ ಚೀಲದ ದಾರ ದೆಹಲಿಯ ಕೈಯಲ್ಲೇ ಉಳಿಯಿತು. ಜನರ ದುಡ್ಡು ಜನರಿಗೇ ಲೆಕ್ಕ ಒಪ್ಪಿಸಬೇಕಿತ್ತು. ಅದು ಸರ್ಕಾರಕ್ಕೆ ಲೆಕ್ಕ ಒಪ್ಪಿಸಿತು.

ಖಾಸಗಿ ಎಫ್‌ಎಂ ಹತ್ತು ಸೆಕೆಂಡಿನ ಲೆಕ್ಕದಲ್ಲಿ ಬದುಕುತ್ತದೆ. ಜಾಹೀರಾತು ಮಾರುವುದೇ ಆ ಅಳತೆಯಲ್ಲಿ. ಹಾಡಿನ ಮುಂಚಿನ ವಾದ್ಯದ ತುಣುಕು ಮುಗಿದು ಗಾಯಕನ ದನಿ ಏಳುವಷ್ಟರಲ್ಲಿ ಆರ್‌ಜೆ ಮಾತು ಮುಗಿಸಬೇಕು. ಒಂದು ಕ್ಷಣ ಮೌನವಾದರೂ ಕೇಳುಗ ಸ್ಟೇಷನ್ ಬದಲಿಸುತ್ತಾನೆಂಬ ಭಯ. ಶುರುವಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳಿಗೇ ಮಣೆ ಹಾಕಿದ ಬೆಂಗಳೂರಿನ ಸ್ಟೇಷನ್‌ಗಳು ಕನ್ನಡ ಕೇಳುಗರ ಸಂಖ್ಯೆ ಅರಿವಾದಂತೆ ಕನ್ನಡಕ್ಕೆ ಹೊರಳಿದವು. ಆಟೊದಲ್ಲಿ, ಹೋಟೆಲಿನಲ್ಲಿ, ಕಾಲೇಜಿನ ಕಾರಿಡಾರಿನಲ್ಲಿ ಜನ ಆಡುವ ಕನ್ನಡಕ್ಕೆ ಮೈಕಿನ ಮುಂದೆ ಮರ್ಯಾದೆ ಸಿಕ್ಕಿದ್ದು ಇಲ್ಲಿ. ಇದು ಸಣ್ಣ ಸಾಧನೆಯಲ್ಲ. ಆದರೆ ಜಾಹೀರಾತು ಇರುವ ಊರಿನಾಚೆಗೆ ಈ ದನಿ ಹೋಗಲಿಲ್ಲ, ಹೋಗುವ ಕಾರಣವೂ ಅದಕ್ಕಿರಲಿಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸುದ್ದಿಯ ಮೇಲಿನ ನಿಷೇಧ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಆದರೂ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವಂತಿಲ್ಲ. 2011ರ ನೀತಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಒಪ್ಪಿತು. ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶವನ್ನು ‘ಸುದ್ದಿ ಅಲ್ಲದ್ದು’ ಎಂದು ಬಿಟ್ಟುಕೊಟ್ಟಿತು. ಪತ್ರಿಕೆ ಬರೆಯಬಹುದಾದದ್ದನ್ನು, ಟಿ.ವಿ. ಕೂಗಬಹುದಾದದ್ದನ್ನು ರೇಡಿಯೊ ಹೇಳಬಾರದು ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ಒಪ್ಪುವಂಥ ಕಾರಣ ಯಾರೂ ಕೊಟ್ಟಿಲ್ಲ. ಸ್ವತಂತ್ರ ದನಿಯ ಬಗ್ಗೆ ಸರ್ಕಾರಕ್ಕಿದ್ದ ಭಯ ಹಳ್ಳಿಗಳನ್ನೂ ಬಿಡಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯವರು ಪ್ರಸಾರಕ್ಕೆ ಪರವಾನಗಿ ಸಿಗದೆ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಸಮುದಾಯ ಸಂಸ್ಥೆಗಳಿಗೆ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ಪಾಡ್‌ಕಾಸ್ಟಿಗೆ ಇಂಥ ಪರವಾನಗಿ ಬೇಕಿಲ್ಲ, ಗಡಿಯಾರವೂ ಇಲ್ಲ. ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್‌ಗಳಲ್ಲಿ ಒಂದೇ ವಿಷಯವನ್ನು ಹಿಡಿದು ಸಾವಕಾಶವಾಗಿ ಮಾತಾಡುವ ಸ್ವಾತಂತ್ರ್ಯವಿದೆ, ಸಿಂಗಪುರದ ಕನ್ನಡಿಗನೂ ಸಿರ್ಸಿಯವನೂ ಬಿಡುವಾದಾಗ ಕೇಳಬಹುದು. ಆದರೆ ಹೆಸರು ಗೊತ್ತಿದ್ದವನು ಮಾತ್ರ ಹುಡುಕಿಕೊಂಡು ಬರುತ್ತಾನೆ, ಡೇಟಾ ದುಡ್ಡು ಅವನದೇ. ಮಾಡುವವರಿಗೂ ಹೆಚ್ಚಿನ ಪಾಲು ಸ್ವಂತ ಜೇಬೇ ಗತಿ. ಉತ್ಸಾಹ ಇರುವಷ್ಟು ದಿನ ನಡೆದು ಸದ್ದಿಲ್ಲದೆ ನಿಂತುಹೋದ ಕನ್ನಡ ಪಾಡ್‌ಕಾಸ್ಟ್‌ಗಳು ಕಡಿಮೆಯಿಲ್ಲ.

ಆಗಬೇಕಾದ ಕೆಲಸ ಹೀಗಿದೆ. ಆಕಾಶವಾಣಿಯ ಜಿಲ್ಲಾ ಕೇಂದ್ರಗಳಿಗೆ ಕಾಯಂ ಉದ್ಘೋಷಕರು, ಕಾರ್ಯಕ್ರಮ ನಿರ್ವಾಹಕರು ಬೇಕು. ರಾಜಧಾನಿಯ ಕಾರ್ಯಕ್ರಮವನ್ನು ಸಹಪ್ರಸಾರ ಮಾಡುವುದು ಅಗ್ಗ, ಆದರೆ ಕೊಡಗಿನ ಮಳೆಯ ಮಾತನ್ನು ಬೆಂಗಳೂರು ಆಡಲಾರದು. ಖಾಸಗಿ ಎಫ್‌ಎಂಗೂ ಸಮುದಾಯ ಬಾನುಲಿಗೂ ಪತ್ರಿಕೆಗಳಿಗಿರುವಷ್ಟೇ ಹೊಣೆಯೊಡನೆ ಸ್ಥಳೀಯ ಸುದ್ದಿಯ ಹಕ್ಕು ಸಿಗಬೇಕು. ಇನ್ನು ಆಕಾಶವಾಣಿಯ ಧ್ವನಿಭಂಡಾರ. ಟೇಪಿಗೆ ಬರ ಇದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ತುಂಬಿ ಕಳೆದುಕೊಂಡದ್ದು ಸಾಕಷ್ಟಿದೆ. ಉಳಿದಿರುವ ನಾಟಕ, ಸಂದರ್ಶನ, ಭಾಷಣಗಳನ್ನು ಹೆಸರು, ದಿನಾಂಕ, ವಿಷಯದ ಸಮೇತ ಪಾಡ್‌ಕಾಸ್ಟ್ ಆಗಿ ಎಲ್ಲರಿಗೂ ಬಿಡುಗಡೆ ಮಾಡಬೇಕು. ಕಲಾವಿದರ ಮತ್ತು ಅವರ ವಾರಸುದಾರರ ಹಕ್ಕಿನ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ನೆಪ ಮಾಡಿಕೊಂಡು ಕಪಾಟಿಗೆ ಬೀಗ ಹಾಕುವ ಬದಲು ನ್ಯಾಯವಾದ ಸಂಭಾವನೆ ಗೊತ್ತುಮಾಡಿ ಕೊಡಲಿ. ಆ ಕೆಲಸಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಪ್ರಸಾರ ಭಾರತಿಯೂ ಒಟ್ಟಿಗೆ ಕೂತು ಹಣ ತೆಗೆದಿಡಬೇಕು.